ಮೆಕ್ಕೆಜೋಳದ ಕೊಳೆಗೆ ಸಕ್ಕರೆ ಎಷ್ಟು ಹಾಕಬೇಕು? ಲೆಕ್ಕ ಕೇಳಿದ ರೈತರಿಗೆ ಉತ್ತರ

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಾನು ಕೊಪ್ಪಳ ಜಿಲ್ಲೆ ಯಲಬುರ್ಗಾ ಕಡೆಯ ರೈತ. ದಯವಿಟ್ಟು ಹೆಸರು ಹಾಕಬೇಡಿ. ಈ ಸಲ ಮೆಕ್ಕೆಜೋಳಕ್ಕೆ ಸರಿಯಾದ ರೇಟು ಸಿಗಲಿಲ್ಲ. ಬೆಂಬಲ ಬೆಲೆ 2,400 ಅಂತಾರೆ, ವ್ಯಾಪಾರಿ ಕೊಡೋದೇ ಬೇರೆ. 20 ಕ್ವಿಂಟಲ್ ಮನೆಯಲ್ಲೇ ಇದೆ. ಯೂಟ್ಯೂಬಿನಲ್ಲಿ ಅಮೆರಿಕದವರು ಮೆಕ್ಕೆಜೋಳ ಕೊಳೆ ಹಾಕಿ ಮದ್ಯ ಮಾಡೋದನ್ನು ನೋಡಿದೆ. ಒಬ್ಬ 20 ಲೀಟರ್ ನೀರು, 4 ಕೆಜಿ ನುಚ್ಚು, 4 ಕೆಜಿ ಸಕ್ಕರೆ, ಬ್ರೆಡ್ಡಿಗೆ ಹಾಕುವ ಈಸ್ಟ್ ಅಂತ ಹೇಳುತ್ತಾನೆ. ಇನ್ನೊಬ್ಬ ಸಕ್ಕರೆ ಬೇಡವೇ ಬೇಡ, ಬಾರ್ಲಿ ಮಾಲ್ಟ್ ಸಾಕು ಅನ್ನುತ್ತಾನೆ. ಸುಮ್ನೆ ನೋಡೋಣ ಅಂತ 2 ಕೆಜಿ ನುಚ್ಚು ಬೇಯಿಸಿ, ಆರಿಸಿ, ಒಂದು ಹಿಡಿ ಸಕ್ಕರೆ, ಈಸ್ಟ್ ಹಾಕಿ ಬಕೆಟ್ಟಿನಲ್ಲಿ ಮುಚ್ಚಿಟ್ಟೆ. ಗಟ್ಟಿ ಗಂಜಿ ಆಗಿ ಕೂತಿತು. ಎರಡನೇ ದಿನ ಮುಚ್ಚಳ ಹಾರಿ ಬಿತ್ತು. ಮೂರನೇ ದಿನ ಬರೀ ಹುಳಿ ವಾಸನೆ. ಎಲ್ಲಿ ತಪ್ಪಾಯಿತು? ಕಾಳಿಗೂ ಸಕ್ಕರೆಗೂ ಲೆಕ್ಕ ಹೇಗೆ? ಸಕ್ಕರೆ ಬದಲು ಬೆಲ್ಲ ನಡೆಯುತ್ತಾ? ಇದನ್ನು ಕುಡಿದರೆ ಕಣ್ಣು ಹೋಗುತ್ತೆ ಅಂತ ಮನೆಯಲ್ಲಿ ಬೈತಾರೆ, ನಿಜವಾ? ಉಳಿದ ಗಸಿಯನ್ನು ಎಮ್ಮೆಗೆ ಹಾಕಬಹುದಾ?"

ಉತ್ತರ:

ನೀವು ಕೇಳಿರುವುದು ಕೊಳೆಗೆ, ಅಂದರೆ ಮದ್ಯಕ್ಕಾಗಿ ಹುದುಗಲು ಇಡುವ ಮಿಶ್ರಣಕ್ಕೆ, ಹಾಕುವ ಸಕ್ಕರೆಯ ಲೆಕ್ಕ. ಆದರೆ ನಿದ್ದೆ ಕೆಡಿಸಿರುವುದು ಮನೆಯಲ್ಲಿರುವ 20 ಕ್ವಿಂಟಲ್ ಕಾಳು, ಅಲ್ವಾ? ನಾನು ಡಿಸ್ಟಿಲರಿಯ ಲ್ಯಾಬಿನಲ್ಲಿ ವರ್ಷಗಟ್ಟಲೆ ಹುದುಗು ನೋಡಿಕೊಂಡವನು. ಹಾಗಾಗಿ ಲೆಕ್ಕವನ್ನೂ ಹೇಳುತ್ತೇನೆ, ಕಾಳಿನ ಬಗ್ಗೆಯೂ ಹೇಳುತ್ತೇನೆ.

ಕಾನೂನಿನ ಮಾತು ಚಿಕ್ಕದು, ಮೊದಲು ಅದನ್ನು ಮುಗಿಸಿಬಿಡೋಣ. ನಮ್ಮ ರಾಜ್ಯದಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಮಟ್ಟಿಗೆ ಸ್ವಲ್ಪ ಮಾಡಿಕೊಳ್ಳಬಹುದು ಅನ್ನುವ ವಿನಾಯಿತಿ ಇಲ್ಲ. ಬಟ್ಟಿ ಇಳಿಸಿದರೆ ಮಾತ್ರ ಕೇಸು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಮದ್ಯ ಮಾಡುವ ಉದ್ದೇಶಕ್ಕೆ ಸಾಮಾನು, ಪಾತ್ರೆ ಇಟ್ಟುಕೊಂಡರೂ ಕಾಯ್ದೆಯ ಕೈಗೆ ಸಿಗುತ್ತೀರಿ. "ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ" ಅಂತ ಪೇಪರಿನಲ್ಲಿ ಬರುತ್ತದಲ್ಲ, ಅಲ್ಲಿ ಎಷ್ಟೋ ಸಲ ಒಂದು ತೊಟ್ಟು ಸಾರಾಯಿಯೂ ಇಳಿದಿರುವುದಿಲ್ಲ. ನಿಮ್ಮ ವಿಡಿಯೊದ ಮನುಷ್ಯನ ಊರಿನ ಕಾನೂನು ಬೇರೆ. ಅಮೆರಿಕದಲ್ಲಿ 1978ರ ಕಾನೂನು ಬಂದ ಮೇಲೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅವಕಾಶ ಸಿಕ್ಕಿತು. ಅವನ ಧೈರ್ಯ ನೋಡಿ ನೀವು ಯಲಬುರ್ಗಾದಲ್ಲಿ ಬಕೆಟ್ ತುಂಬಿಸಬೇಡಿ.

ಹಾಗಾಗಿ ಇಲ್ಲಿ ಬಟ್ಟಿ ಇಳಿಸುವ ವಿಧಾನ ಸಿಗುವುದಿಲ್ಲ. ಲೆಕ್ಕ ಸಿಗುತ್ತದೆ. ಯಾಕೆಂದರೆ ಲೆಕ್ಕ ಪೂರ್ತಿ ನೋಡಿದರೆ ಒಂದು ವಿಷಯ ನಿಮಗೇ ಹೊಳೆಯುತ್ತದೆ: ಆ ಮೊದಲನೇ ವಿಡಿಯೊದಲ್ಲಿ ಮೆಕ್ಕೆಜೋಳಕ್ಕೆ ಕೆಲಸವೇ ಇಲ್ಲ.

ನಿಮ್ಮ ಬಕೆಟ್ಟಿನಲ್ಲಿ ಆದದ್ದೇನು

ಈಸ್ಟ್ ಸಕ್ಕರೆ ತಿನ್ನುತ್ತದೆ. ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮೆಕ್ಕೆಜೋಳದಲ್ಲಿ ಇರುವುದು ಪಿಷ್ಟ. ಒಣಗಿದ 100 ಕೆಜಿ ಕಾಳಿನಲ್ಲಿ ಸುಮಾರು 60ರಿಂದ 65 ಕೆಜಿ ಪಿಷ್ಟ ಇರುತ್ತದೆ. ಪಿಷ್ಟ ಅಂದರೆ ಸಾವಿರಾರು ಗ್ಲೂಕೋಸ್ ಕಣಗಳು ಸರಪಳಿಯಾಗಿ ಹೆಣೆದುಕೊಂಡ ವಸ್ತು. ಬ್ರೆಡ್ ಈಸ್ಟಿಗೆ ಆ ಸರಪಳಿ ಕತ್ತರಿಸುವ ಶಕ್ತಿ ಇಲ್ಲ. ಎಷ್ಟು ಬೇಯಿಸಿದರೂ ಪಿಷ್ಟ ಪಿಷ್ಟವೇ. ಕತ್ತರಿಸಲು ಅಮೈಲೇಸ್ ಅನ್ನುವ ಕಿಣ್ವ ಬೇಕು. ಕಾಳು ಮೊಳಕೆ ಒಡೆಯುವಾಗ ತನ್ನೊಳಗಿನ ಪಿಷ್ಟವನ್ನು ತಾನೇ ಕರಗಿಸಿಕೊಳ್ಳಲು ಈ ಕಿಣ್ವವನ್ನು ಮಾಡಿಕೊಳ್ಳುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಎರಡನೇ ವಿಡಿಯೊದವನು ಮಾಲ್ಟ್ ಹಾಕು ಅಂದದ್ದು ಇದಕ್ಕೇ.

ನೀವು ಮಾಲ್ಟ್ ಹಾಕಲಿಲ್ಲ. ಈಸ್ಟಿಗೆ ಸಿಕ್ಕಿದ್ದು ಆ ಒಂದು ಹಿಡಿ ಸಕ್ಕರೆ ಮಾತ್ರ. ಅದನ್ನು ತಿಂದು ಗಾಳಿ ಬಿಟ್ಟಿತು, ಮುಚ್ಚಳ ಹಾರಿತು. ಆಮೇಲೆ ಬಕೆಟ್ಟಿನಲ್ಲಿ ಉಳಿದದ್ದು ಬೆಚ್ಚಗಿನ ಗಂಜಿ. ಅದಕ್ಕೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬಂದು ಸೇರಿದವು. ಅಂಬಲಿಯನ್ನು ಹುಳಿ ಮಾಡುವ ಜೀವಿಗಳ ಬಳಗವೇ ಇದು. ನಿಮ್ಮ ಹುಳಿ ವಾಸನೆ ಅಲ್ಲಿಂದ ಬಂದದ್ದು.

ಇದನ್ನು ಕಣ್ಣಾರೆ ನೋಡಬೇಕಾದರೆ ಒಂದು ಸುಲಭದ ದಾರಿ ಇದೆ. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಗಂಜಿಯ ನೀರು ಒಂದು ಚಮಚ ಹಾಕಿ. ಅದರ ಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಂದು ಹನಿ ಬಿದ್ದ ಕೂಡಲೇ ಕಪ್ಪುನೀಲಿ ಬಣ್ಣಕ್ಕೆ ತಿರುಗಿದರೆ ಪಿಷ್ಟ ಹಾಗೇ ಇದೆ ಅಂತ ಅರ್ಥ. ಹನಿ ಕಂದಾಗಿಯೇ ಉಳಿದರೆ ಪಿಷ್ಟ ಕರಗಿ ಸಕ್ಕರೆಯಾಗಿದೆ. ಕಾರ್ಖಾನೆಯ ಲ್ಯಾಬಿನಲ್ಲೂ ಮೊದಲು ಮಾಡುವ ಪರೀಕ್ಷೆ ಇದೇ. ನಿಮ್ಮ ಬಕೆಟ್ ಇನ್ನೂ ಇದ್ದರೆ ಮಾಡಿ ನೋಡಿ, ಕಡುನೀಲಿ ಬರುತ್ತದೆ.

ಗಟ್ಟಿಯಾದದ್ದಕ್ಕೂ ಕಾರಣ ಇದೆ. ಮೆಕ್ಕೆಜೋಳದ ಪಿಷ್ಟ 62 ಡಿಗ್ರಿಯಿಂದ 72 ಡಿಗ್ರಿ ಶಾಖದಲ್ಲಿ ನೀರು ಹೀರಿ ಉಬ್ಬುತ್ತದೆ. ಕಾಳು ನುಚ್ಚಾಗಿದ್ದರೆ ಒಳಗಿನ ಪಿಷ್ಟ ಪೂರ್ತಿ ಬಿಚ್ಚಿಕೊಳ್ಳಲು ಕುದಿಸಲೇಬೇಕು. ಆದರೆ ಮಾಲ್ಟಿನ ಕಿಣ್ವ ಕುದಿಯುವ ಶಾಖದಲ್ಲಿ ಸತ್ತುಹೋಗುತ್ತದೆ, ಅದಕ್ಕೆ ಬೇಕಾದದ್ದು 65 ಡಿಗ್ರಿಯ ಆಸುಪಾಸು. ಅದಕ್ಕೇ ಮದ್ಯದ ಕಾರ್ಖಾನೆಗಳಲ್ಲಿ ಮೊದಲು ಕಾಳು ಬೇಯಿಸಿ, ಶಾಖ ಇಳಿಸಿ, ಆಮೇಲೆ ಮಾಲ್ಟ್ ಬೆರೆಸುತ್ತಾರೆ. ಗಂಜಿ ಆಗ ನೋಡನೋಡುತ್ತಲೇ ನೀರಾಗುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳ ಗಂಜಿ ಗಟ್ಟಿಯಾದರೆ ಮೊಳಕೆ ರಾಗಿಯ ಹಿಟ್ಟು ಒಂದು ಚಮಚ ಬೆರೆಸಿ ತೆಳುವಾಗಿಸುತ್ತಾರಲ್ಲ, ಅಲ್ಲಿ ಕೆಲಸ ಮಾಡುವುದೂ ಇದೇ ಕಿಣ್ವ.

ಇಲ್ಲೊಂದು ಎಚ್ಚರಿಕೆ. ಮಾಲ್ಟ್ ಸಿಗಲಿಲ್ಲ ಅಂತ ಬಿಳಿಜೋಳವನ್ನು ಮೊಳಕೆ ಹಾಕಿ ಚಿಗುರು ಸಮೇತ ಅರೆದು ಹಾಕಲು ಹೋಗಬೇಡಿ. ಎಳೆ ಜೋಳದ ಚಿಗುರು ಮೇಯ್ದು ದನ ಸತ್ತ ಸುದ್ದಿ ನಿಮಗೆ ಗೊತ್ತಿರುತ್ತದೆ. ಆ ಚಿಗುರಿನಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಮೊಳಕೆಯಲ್ಲೂ ಅದೇ ವಿಷ.

ಈಗ ಲೆಕ್ಕ

ಸಕ್ಕರೆಯದು ಸುಲಭ. ಒಂದು ಲೀಟರ್ ಕೊಳೆಯಲ್ಲಿ 17 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು ಶೇ 1ರಷ್ಟು ಆಲ್ಕೋಹಾಲ್ ಬರುತ್ತದೆ. ಈ 17 ನೆನಪಿಟ್ಟುಕೊಂಡರೆ ಸಾಕು. 20 ಲೀಟರ್ ನೀರಿಗೆ 4 ಕೆಜಿ ಸಕ್ಕರೆ ಹಾಕಿದರೆ ಒಟ್ಟು ಸುಮಾರು 22.5 ಲೀಟರ್ ಆಗುತ್ತದೆ. ಕರಗಿದ ಸಕ್ಕರೆಯೂ ಜಾಗ ತಿನ್ನುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. 4,000 ಗ್ರಾಂ ಅನ್ನು 22.5ರಿಂದ ಭಾಗಿಸಿದರೆ ಲೀಟರಿಗೆ 178 ಗ್ರಾಂ. ಅದನ್ನು 17ರಿಂದ ಭಾಗಿಸಿ. ಶೇ 10ಕ್ಕಿಂತ ಸ್ವಲ್ಪ ಜಾಸ್ತಿ. ಬ್ರೆಡ್ ಈಸ್ಟ್ ಸುಸ್ತಾಗುವುದೂ ಹೆಚ್ಚುಕಡಿಮೆ ಅಲ್ಲೇ. ಇದಕ್ಕಿಂತ ಸಕ್ಕರೆ ಜಾಸ್ತಿ ಸುರಿದರೆ ಈಸ್ಟ್ ಮಧ್ಯದಲ್ಲೇ ಕೈಚೆಲ್ಲುತ್ತದೆ, ಕೊಳೆ ಸಿಹಿಯಾಗಿ ಉಳಿಯುತ್ತದೆ.

ಕಾಳಿನ ಲೆಕ್ಕಕ್ಕೆ ಎರಡು ಮೆಟ್ಟಿಲು. 4 ಕೆಜಿ ಮೆಕ್ಕೆಜೋಳದಲ್ಲಿ ಸುಮಾರು 2.5 ಕೆಜಿ ಪಿಷ್ಟ. ಪಿಷ್ಟ ಒಡೆಯುವಾಗ ನೀರಿನ ಕಣ ಸೇರಿಕೊಳ್ಳುವುದರಿಂದ ತೂಕ ಸ್ವಲ್ಪ ಏರುತ್ತದೆ: 1 ಕೆಜಿ ಪಿಷ್ಟಕ್ಕೆ 1.11 ಕೆಜಿ ಗ್ಲೂಕೋಸ್. ಅಂದರೆ 2.8 ಕೆಜಿ ಹತ್ತಿರ. ಒಂದು ಕೆಜಿ ಗ್ಲೂಕೋಸ್ ಪೂರ್ತಿ ಹುದುಗಿದರೆ 511 ಗ್ರಾಂ ಆಲ್ಕೋಹಾಲ್ ಬರುತ್ತದೆ, ಉಳಿದದ್ದೆಲ್ಲ ಗಾಳಿಯಾಗಿ ಹೋಗುತ್ತದೆ. ಹಾಗಾಗಿ 4 ಕೆಜಿ ಕಾಳಿನಿಂದ ಕಾಗದದ ಮೇಲೆ 1.4 ಕೆಜಿ, ಅಳತೆಯಲ್ಲಿ 1.8 ಲೀಟರ್ ಶುದ್ಧ ಆಲ್ಕೋಹಾಲ್.

ಇದು ಕಾಗದದ ಮಾತು. ಒಳ್ಳೆಯ ಕಿಣ್ವ, ನುಣ್ಣಗೆ ಬೀಸುವ ಯಂತ್ರ, ಶಾಖ ಕಾಯುವ ವ್ಯವಸ್ಥೆ ಎಲ್ಲಾ ಇರುವ ಎಥೆನಾಲ್ ಕಾರ್ಖಾನೆಗೆ ಸಿಗುವುದು ಟನ್ ಮೆಕ್ಕೆಜೋಳಕ್ಕೆ ಸುಮಾರು 380 ಲೀಟರ್. 4 ಕೆಜಿಗೆ ಒಂದೂವರೆ ಲೀಟರ್ ಆಯಿತು. ಒಲೆಯ ಮೇಲೆ ಪಾತ್ರೆ ಇಟ್ಟು ಮಾಲ್ಟ್ ಬೆರೆಸುವವನಿಗೆ ಒಂದು ಲೀಟರಿನ ಆಚೀಚೆ ಬಂದರೆ ಅದೇ ದೊಡ್ಡದು. ಒರಟಾಗಿ ಹೇಳಬೇಕೆಂದರೆ, ಮಾಲ್ಟ್ ಇದ್ದರೆ 1 ಕೆಜಿ ಮೆಕ್ಕೆಜೋಳ ಅರ್ಧ ಕೆಜಿ ಸಕ್ಕರೆಯ ಕೆಲಸ ಮಾಡುತ್ತದೆ. ಮಾಲ್ಟ್ ಇಲ್ಲದಿದ್ದರೆ ಸೊನ್ನೆ.

ಈಗ ನಿಮ್ಮ ವಿಡಿಯೊದ 4 ಕೆಜಿ, 4 ಕೆಜಿ ಲೆಕ್ಕಕ್ಕೆ ವಾಪಸ್ ಬನ್ನಿ. ಮಾಲ್ಟ್ ಇಲ್ಲ. ಕಾಳಿನಿಂದ ಬಂದದ್ದು ಸೊನ್ನೆ, ಶೇ 10 ಪೂರ್ತಿ ಸಕ್ಕರೆಯದೇ. ಮೆಕ್ಕೆಜೋಳ ಕೊಟ್ಟದ್ದು ವಾಸನೆ, ಸ್ವಲ್ಪ ಈಸ್ಟಿನ ಪೋಷಕಾಂಶ, ಮತ್ತು ಸೋಸುವಾಗ ತಲೆನೋವು. "ಕಾಳಿಗೆ ಸಕ್ಕರೆ ಯಾವ ಪ್ರಮಾಣ" ಅನ್ನುವ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು: ಹಾಗೊಂದು ಪ್ರಮಾಣ ಇಲ್ಲ. ಕಿಣ್ವ ಇದ್ದರೆ ಸಕ್ಕರೆ ಬೇಡ, ಕಿಣ್ವ ಇಲ್ಲದಿದ್ದರೆ ಕಾಳು ಬೇಡ. ಎರಡನ್ನೂ ಸಮಸಮ ಸುರಿಯುವ ಪದ್ಧತಿ ಅಲ್ಲಿಯೂ ಕಳ್ಳಭಟ್ಟಿಯ ಕಾಲದ್ದು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಬೇಗ ಮುಗಿಯಲಿ ಅಂತ ಸಕ್ಕರೆಯ ದಾರಿ ಹಿಡಿದರು. ಅಲ್ಲಿನ ಬೋರ್ಬನ್ ವಿಸ್ಕಿಗೆ ಇವತ್ತಿಗೂ ಕಾಳಿನ ಪಾಲಿನಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ ಇರಲೇಬೇಕು, ಸಕ್ಕರೆಗೆ ಜಾಗ ಇಲ್ಲ.

ದುಡ್ಡಿನ ಲೆಕ್ಕವನ್ನೂ ನೋಡಿಬಿಡಿ. ನೀವು ಹೇಳಿದ 2,400ರ ಬೆಂಬಲ ಬೆಲೆಯಲ್ಲಿ ನಿಮ್ಮ ಮೆಕ್ಕೆಜೋಳ ಕೆಜಿಗೆ 24 ರೂಪಾಯಿ. ಅದು ಮಾಡುವುದು ಅರ್ಧ ಕೆಜಿ ಸಕ್ಕರೆಯ ಕೆಲಸ. ಸಕ್ಕರೆ ಅಂಗಡಿಯಲ್ಲಿ 45ರ ಆಸುಪಾಸು, ಅರ್ಧ ಕೆಜಿಗೆ 22 ಅಥವಾ 23. ಮೇಲೆ ಮಾಲ್ಟಿನ ದುಡ್ಡು, ಸೌದೆ, ನಿಮ್ಮ ಹೊತ್ತು. ಬೆಲೆ ಬಿದ್ದ ಕಾಳನ್ನು ಬಕೆಟ್ಟಿಗೆ ಹಾಕಿದರೆ ಬೆಲೆ ಏರುತ್ತದೆ ಅನ್ನುವ ಲೆಕ್ಕ ಕೂಡಿಬರುವುದಿಲ್ಲ. ಕೂಡಿಬರುವುದು ಕದ್ದು ಮಾರಿದವನಿಗೆ ಮಾತ್ರ, ಅವನು ಸಿಕ್ಕಿಬೀಳುವ ತನಕ.

ಬೆಲ್ಲದ ವಿಷಯ. ನಡೆಯುತ್ತದೆ, ಆದರೆ ತೂಕಕ್ಕೆ ತೂಕ ಅಲ್ಲ. ಬೆಲ್ಲದಲ್ಲಿ ತೇವ ಇರುತ್ತದೆ, ಮಣ್ಣು ಮಸಿಯೂ ಇರುತ್ತದೆ. 1 ಕೆಜಿ ಸಕ್ಕರೆಯ ಜಾಗಕ್ಕೆ 1.15ರಿಂದ 1.2 ಕೆಜಿ ಬೆಲ್ಲ ಹಿಡಿಯುತ್ತದೆ. ಬೆಲ್ಲದ ಖನಿಜಗಳು ಈಸ್ಟಿಗೆ ಹಿತ, ಹುದುಗು ಚುರುಕಾಗಿರುತ್ತದೆ. ಕಳ್ಳಭಟ್ಟಿಯವರು ಬೆಲ್ಲವನ್ನೇ ಹಿಡಿದಿರುವುದಕ್ಕೆ ಅಗ್ಗ ಅನ್ನುವುದರ ಜೊತೆಗೆ ಇದೂ ಒಂದು ಕಾರಣ. ಅಬಕಾರಿಯವರ ಕಣ್ಣು ಕಪ್ಪು ಬೆಲ್ಲದ ಮೇಲೆ ಇರುವುದೂ ಅದಕ್ಕೇ.

ಶಾಖ ಮತ್ತು ಗಾಳಿ

ವಿಡಿಯೊ ಮಾಡಿದವನ ಊರಿನಲ್ಲಿ ಕೋಣೆಯ ಶಾಖ 20, 22 ಡಿಗ್ರಿ ಇರಬಹುದು. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಬೇಸಿಗೆ 40 ದಾಟುತ್ತದೆ. ಈಸ್ಟಿಗೆ ಹಿತವಾದದ್ದು 25ರಿಂದ 32 ಡಿಗ್ರಿ. ಹುದುಗುವಾಗ ಕೊಳೆ ತಾನೇ ಬಿಸಿಯಾಗುತ್ತದೆ, ಹೊರಗಿನ ಶಾಖಕ್ಕೆ ಅದೂ ಸೇರುತ್ತದೆ. 35 ದಾಟಿದರೆ ಈಸ್ಟ್ ಒದ್ದಾಡುತ್ತದೆ, ಬ್ಯಾಕ್ಟೀರಿಯಾ ಗೆಲ್ಲುತ್ತವೆ. ಫ್ಯೂಸೆಲ್ ಅನ್ನುವ ಭಾರದ ಆಲ್ಕೋಹಾಲ್‌ಗಳೂ ಜಾಸ್ತಿ ಆಗುತ್ತವೆ. ಕಾರ್ಖಾನೆಯವರು ತಣ್ಣೀರಿನ ಕೊಳವೆಗಳಿಗೆ ಅಷ್ಟು ದುಡ್ಡು ಸುರಿಯುವುದು ಈ ಕೆಲವು ಡಿಗ್ರಿಗಾಗಿ.

ಇನ್ನು ಆ ಹಾರಿದ ಮುಚ್ಚಳ. ನಗುವ ವಿಷಯ ಅಲ್ಲ ಅದು. 1 ಕೆಜಿ ಸಕ್ಕರೆ ಹುದುಗಿದರೆ 250 ಲೀಟರಿಗೂ ಮೀರಿ ಗಾಳಿ ಬರುತ್ತದೆ. ಮುಚ್ಚಳ ಸಡಿಲ ಇದ್ದದ್ದು ನಿಮ್ಮ ಪುಣ್ಯ. ತಿರುಪಿನ ಮುಚ್ಚಳದ ಕ್ಯಾನ್ ಆಗಿದ್ದರೆ ಒಡೆದು ಮುಖಕ್ಕೆ ಬರುತ್ತಿತ್ತು. ಈ ಗಾಳಿ ಮಾಮೂಲಿ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಹಗೇವಿನೊಳಗೆ ಇಳಿದವರು ಉಸಿರು ಕಟ್ಟಿ ಸಾಯುವುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಿಟಕಿ ಇಲ್ಲದ ಕೋಣೆಯಲ್ಲಿ, ಗುಂಡಿಯಲ್ಲಿ ದೊಡ್ಡ ಡ್ರಮ್ಮಿನಲ್ಲಿ ಹುದುಗು ಇಟ್ಟರೂ ಅಪಾಯ ಅದೇ.

ಕಣ್ಣು ಹೋಗುತ್ತಾ?

ಮನೆಯವರ ಹೆದರಿಕೆಯಲ್ಲಿ ಅರ್ಧ ನಿಜ ಇದೆ. ಕಣ್ಣು ಕಳೆಯುವುದು ಮೆಥನಾಲ್. ಹುದುಗಿನಲ್ಲಿ ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಪೆಕ್ಟಿನ್‌ನಿಂದ, ಅಂದರೆ ಹಣ್ಣಿನ ಸಿಪ್ಪೆ, ತಿರುಳಿನಿಂದ. ಮೆಕ್ಕೆಜೋಳದಲ್ಲಿ ಪೆಕ್ಟಿನ್ ತೀರಾ ಕಡಿಮೆ, ಸಕ್ಕರೆಯಲ್ಲಿ ಇಲ್ಲವೇ ಇಲ್ಲ. ಬರೀ ಕಾಳಿನ ಕೊಳೆಯಿಂದ ಕಣ್ಣು ಹೋಗುವಷ್ಟು ಮೆಥನಾಲ್ ಹುಟ್ಟುವುದಿಲ್ಲ.

ಹಾಗಾದರೆ ಜನ ಸತ್ತದ್ದು ಹೇಗೆ? 1981ರಲ್ಲಿ ಬೆಂಗಳೂರಿನಲ್ಲಿ, 2008ರಲ್ಲಿ ಕೋಲಾರ, ಬೆಂಗಳೂರು ಮತ್ತು ಕೃಷ್ಣಗಿರಿ ಕಡೆ, 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಜನ ರಾಶಿರಾಶಿ ಸತ್ತರು. ಇಂಥ ದುರಂತಗಳ ಹಿಂದೆ ಇರುವುದು ಕಾರ್ಖಾನೆಯ ಮೆಥನಾಲ್. ಅದು ಅಗ್ಗ, ನೋಡಲು ನೀರಿನ ಹಾಗೆ, ಕುಡಿದಾಗ ಮತ್ತೂ ಬರುತ್ತದೆ. ಮಾರುವವನು ಅದನ್ನು ಬೆರೆಸುತ್ತಾನೆ, ಕುಡಿದವನಿಗೆ ಮರುದಿನ ಕಣ್ಣು ಮಂಜಾಗುತ್ತದೆ. ರಾಯಚೂರು ಕಡೆ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಅನ್ನುವ ಮತ್ತಿನ ರಾಸಾಯನಿಕ ಹಾಕಿದ ಶೇಂದಿಯದೂ ಇದೇ ಕಥೆ. ಮರದಿಂದ ಇಳಿದದ್ದಕ್ಕಿಂತ ಪ್ಯಾಕೆಟ್ಟಿನಿಂದ ಬಿದ್ದದ್ದೇ ಅಲ್ಲಿ ಜೀವ ತಿನ್ನುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ನಂಬಿಕೆ ಇದೆ: ಮೊದಲು ಇಳಿದದ್ದನ್ನು ಚೆಲ್ಲಿಬಿಟ್ಟರೆ ವಿಷ ಹೋಗುತ್ತದೆ ಅಂತ. ಮೆಥನಾಲ್ ಇದ್ದರೆ ಅದು ಮೊದಲ ಹನಿಯಿಂದ ಕೊನೆಯ ಹನಿವರೆಗೂ ಇಳಿಯುತ್ತಲೇ ಇರುತ್ತದೆ. ಚೆಲ್ಲಿದ್ದರಿಂದ ಸಿಗುವುದು ಸುಳ್ಳು ಧೈರ್ಯ ಮಾತ್ರ. ಉರಿಸಿ ನೀಲಿ ಜ್ವಾಲೆ ಬಂದರೆ ಒಳ್ಳೆಯದು ಅನ್ನುವುದೂ ಅಷ್ಟೇ. ಮೆಥನಾಲ್ ಕೂಡ ನೀಲಿಯಾಗಿಯೇ ಉರಿಯುತ್ತದೆ. ಯಾರಾದರೂ ಕುಡಿದ ಮೇಲೆ ಕಣ್ಣು ಮಂಜು, ವಾಂತಿ, ಏದುಸಿರು ಅಂದರೆ ಮಜ್ಜಿಗೆ, ನಿಂಬೆಹಣ್ಣು ಅಂತ ಹೊತ್ತು ಕಳೆಯಬೇಡಿ. ಸೀದಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಮೆಥನಾಲಿಗೆ ಮದ್ದು ಇದೆ, ಆದರೆ ತಡವಾದಷ್ಟೂ ಕಣ್ಣು ಉಳಿಯುವ ಆಸೆ ಕಡಿಮೆ.

ಕೊಳೆಗೆ ಹಾಕುವ ಸಾಮಾನಿನ ಬಗ್ಗೆಯೂ ಒಂದು ಮಾತು. ನವಸಾಗರ, ಯೂರಿಯಾ ಹಾಕಿದರೆ ಕಿಕ್ ಜಾಸ್ತಿ ಅಂತಾರೆ. ಎರಡೂ ಈಸ್ಟಿಗೆ ಸಾರಜನಕ ಒದಗಿಸುತ್ತವೆ, ಹುದುಗು ಬೇಗ ಮುಗಿಯುತ್ತದೆ. ಅಷ್ಟೇ. ಯೂರಿಯಾ ಆಲ್ಕೋಹಾಲ್ ಜೊತೆ ಸೇರಿ ಈಥೈಲ್ ಕಾರ್ಬಮೇಟ್ ಆಗುತ್ತದೆ, ಅದು ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಹೊಲಕ್ಕೆ ಹಾಕುವ ಚೀಲದ್ದನ್ನು ಹೊಟ್ಟೆಗೆ ಹಾಕಬೇಕಾದ ದರ್ದು ಏನಿದೆ? ಔಷಧಿ ಹೊಡೆದು ಖಾಲಿಯಾದ ಕ್ಯಾನ್ ತೊಳೆದು ಬಳಸುವವರಿಗೂ ಇದೇ ಮಾತು. ಪ್ಲಾಸ್ಟಿಕ್ ಹೀರಿಕೊಂಡ ಕೀಟನಾಶಕ ಸೋಪಿಗೆ ಹೋಗುವುದಿಲ್ಲ, ಆಲ್ಕೋಹಾಲಿಗೆ ಚೆನ್ನಾಗಿ ಬಿಟ್ಟುಕೊಡುತ್ತದೆ.

ಎಮ್ಮೆಗೆ ಹಾಕಬಹುದಾ?

ನಿಮ್ಮ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ಇದನ್ನು ಯಾವ ವಿಡಿಯೊದವನೂ ಹೇಳುವುದಿಲ್ಲ.

ಕಾರ್ಖಾನೆಯಲ್ಲಿ ಆಲ್ಕೋಹಾಲ್ ತೆಗೆದ ಮೇಲೆ ಉಳಿಯುವ ಕಾಳಿನ ಗಸಿಯನ್ನು ಒಣಗಿಸಿ ಪಶು ಆಹಾರಕ್ಕೆ ಮಾರುತ್ತಾರೆ, ಹೌದು. ಡಿಡಿಜಿಎಸ್ ಅನ್ನುತ್ತಾರೆ. ಪಿಷ್ಟ ಪೂರ್ತಿ ಹೋಗಿ ಪ್ರೋಟೀನ್, ನಾರು, ಎಣ್ಣೆ ಉಳಿದಿರುತ್ತದೆ. ನಿಮ್ಮ ಬಕೆಟ್ಟಿನಲ್ಲಿ ಪಿಷ್ಟ ಹಾಗೇ ಇದೆ, ಅದೂ ಬೆಂದು ಅರಳಿದ ಪಿಷ್ಟ. ಎಮ್ಮೆಯ ಹೊಟ್ಟೆಯೂ ಒಂದು ಹುದುಗಿನ ತೊಟ್ಟಿಯೇ. ಮೇವು ಅಲ್ಲಿ ನಿಧಾನಕ್ಕೆ ಹುದುಗುತ್ತದೆ. ಬೆಂದ ಪಿಷ್ಟ ಒಮ್ಮೆಲೇ ಬಿದ್ದರೆ ಗಂಟೆಗಳಲ್ಲಿ ಹುಳಿಯಾಗಿ, ಮೆಲುಕು ನಿಂತು, ಹೊಟ್ಟೆ ಉಬ್ಬಿ, ಜಾಸ್ತಿಯಾದರೆ ಎಮ್ಮೆ ನೆಲ ಹಿಡಿಯುತ್ತದೆ. ಮದುವೆ ಮನೆಯ ಉಳಿದ ಅನ್ನ ತಿಂದು ದನ ಸಾಯುವುದು ಈ ಕಾರಣಕ್ಕೇ. ನಿಮ್ಮ ಗಸಿಯಲ್ಲಿ ಹುಳಿ ಆಗಲೇ ತುಂಬಿದೆ, ಸ್ವಲ್ಪ ಆಲ್ಕೋಹಾಲೂ ಇದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ತೇವದಲ್ಲಿ ಇಟ್ಟ ಮೆಕ್ಕೆಜೋಳಕ್ಕೆ ಹಸಿರು-ಹಳದಿ ಬೂಷ್ಟು ಹಿಡಿಯುತ್ತದಲ್ಲ, ಅದು ಅಫ್ಲಾಟಾಕ್ಸಿನ್ ಅನ್ನುವ ವಿಷ ಮಾಡುತ್ತದೆ. ಕುದಿಸಿದರೂ ಹೋಗುವುದಿಲ್ಲ, ಹುದುಗಿಸಿದರೂ ಹೋಗುವುದಿಲ್ಲ. ಪಿಷ್ಟ ಖರ್ಚಾಗಿ ಗಸಿ ಮೂರನೇ ಒಂದು ಭಾಗಕ್ಕೆ ಇಳಿಯುವುದರಿಂದ ವಿಷದ ಅಂಶ ಕಾಳಿಗಿಂತ ಸುಮಾರು ಮೂರು ಪಟ್ಟು ಗಟ್ಟಿಯಾಗುತ್ತದೆ. ಎಮ್ಮೆ ಅದನ್ನು ತಿಂದರೆ ಹಾಲಿಗೂ ಬರುತ್ತದೆ. ಆ ಹಾಲು ಕುಡಿಯುವುದು ನಿಮ್ಮ ಮನೆಯ ಮಕ್ಕಳು. "ಕೆಟ್ಟ ಕಾಳು ಹೇಗೂ ಮಾರಾಟ ಆಗಲ್ಲ, ಕೊಳೆಗೆ ಹಾಕೋಣ, ಗಸಿ ಎಮ್ಮೆಗೆ ಹಾಕೋಣ" ಅನ್ನುವ ಉಳಿತಾಯದ ಬುದ್ಧಿ ತುಂಬಾ ದುಬಾರಿ ಬೀಳುತ್ತದೆ.

ಈಗಿರುವ ಬಕೆಟ್ಟನ್ನು ತಿಪ್ಪೆಗುಂಡಿಯಲ್ಲಿ ಸುರಿದು ಮೇಲೆ ಸಗಣಿ, ಮಣ್ಣು ಮುಚ್ಚಿ. ಆಡು, ಕೋಳಿ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಗೊಬ್ಬರಕ್ಕೆ ಒಳ್ಳೆಯದೇ.

ಹಾಗಾದರೆ ಆ 20 ಕ್ವಿಂಟಲ್?

ಹುದುಗಿನ ಮೇಲೆ ಮನಸ್ಸಿದ್ದರೆ ಕಾನೂನು ಒಪ್ಪುವ ಹುದುಗು ಇದೆ: ಸೈಲೇಜ್, ಅಂದರೆ ರಸಮೇವು. ಒಣಗಿದ ಕಾಳಿಗೆ ಇದು ಆಗುವುದಿಲ್ಲ, ಮುಂದಿನ ಬೆಳೆಗೆ ಯೋಚನೆ ಮಾಡಿ. ತೆನೆಯ ಕಾಳು ಹಾಲು ಕಳೆದು ಹಿಟ್ಟಾಗುವ ಹಂತದಲ್ಲಿ ಗಿಡವನ್ನೇ ಕೊಯ್ದು, 2ರಿಂದ 3 ಸೆಂಟಿಮೀಟರಿಗೆ ಕತ್ತರಿಸಿ, ಗಾಳಿ ಹೋಗುವ ಹಾಗೆ ತುಳಿದು ಮುಚ್ಚಿದರೆ ಸುಮಾರು 45 ದಿನಕ್ಕೆ ಮೇವು ಸಿದ್ಧ. ಇಲ್ಲಿ ಬೇಕಾದದ್ದು ನಿಮ್ಮ ಬಕೆಟ್ಟನ್ನು ಕೆಡಿಸಿದ ಅದೇ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಇದಕ್ಕೂ ಬೆಲ್ಲ ಎಷ್ಟು ಅಂತ ಕೇಳುತ್ತಾರೆ. ಮೆಕ್ಕೆಜೋಳದ ಹಸಿ ಗಿಡದಲ್ಲೇ ಸಾಕಷ್ಟು ಸಕ್ಕರೆ ಇರುತ್ತದೆ, ಸಾಮಾನ್ಯವಾಗಿ ಬೇಡ. ಹುಲ್ಲು ಬೆರೆಸಿದ್ದರೆ ಕಾಕಂಬಿ ಅಥವಾ ಬೆಲ್ಲ ನೂರಕ್ಕೆ ಒಂದೆರಡು ಪಾಲು ಸಾಕು. ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಗುಂಡಿಯ ಅಳತೆ ಸಮೇತ ಹೇಳಿಕೊಡುತ್ತಾರೆ.

ಇರುವ ಕಾಳಿಗೆ ದಾರಿ ಮಾರಾಟವೇ. ಎಥೆನಾಲ್ ಕಾರ್ಖಾನೆಗಳು ಮೆಕ್ಕೆಜೋಳ ಕೊಳ್ಳುತ್ತವೆ, ನೀವು ಬಕೆಟ್ಟಿನಲ್ಲಿ ಮಾಡಲು ಹೋದದ್ದನ್ನು ಅವರು ಪೆಟ್ರೋಲಿಗೆ ಬೆರೆಸಲು ಟನ್‌ಗಟ್ಟಲೆ ಮಾಡುತ್ತಾರೆ. ಆದರೆ ಒಬ್ಬೊಬ್ಬರ 20 ಕ್ವಿಂಟಲ್‌ಗೆ ಅವರು ಲಾರಿ ಕಳಿಸುವುದಿಲ್ಲ. ನಾಲ್ಕಾರು ಜನ ಸೇರಬೇಕು, ಇಲ್ಲವೇ ರೈತ ಉತ್ಪಾದಕ ಸಂಸ್ಥೆಯ ಮೂಲಕ ಹೋಗಬೇಕು. ಕೋಳಿ ಫಾರಂಗಳು ನನ್ನ ಪ್ರಕಾರ ನಿಮಗೆ ಹತ್ತಿರದ ಗಿರಾಕಿ. ಮೊಟ್ಟೆ ಕೋಳಿಯ ಆಹಾರದಲ್ಲಿ ಅರ್ಧಕ್ಕರ್ಧ ಮೆಕ್ಕೆಜೋಳವೇ. ಕೆಎಂಎಫ್ ಪಶು ಆಹಾರ ಘಟಕಗಳೂ ಬಳಸುತ್ತವೆ. ಎಮ್ಮೆ ನಾಲ್ಕೈದು ಇದ್ದರೆ ಒಂದಿಷ್ಟು ಕಾಳನ್ನು ನೀವೇ ಒಣ ನುಚ್ಚು ಮಾಡಿ ಹಿಂಡಿ, ಬೂಸಾ ಜೊತೆ ಅಳತೆಯಲ್ಲಿ ಬೆರೆಸಿ ಹಾಕಬಹುದು. ದಿಢೀರ್ ಜಾಸ್ತಿ ಮಾಡಬಾರದು ಅಷ್ಟೇ. ವಿನೆಗರ್ ಮಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ವಿನೆಗರ್ ಆಗುವ ಮೊದಲು ಅದು ಮದ್ಯವೇ ಆಗಿರಬೇಕು, ಹಾಗಾಗಿ ಮತ್ತೆ ಅಬಕಾರಿಯವರ ಬಾಗಿಲಿಗೇ ಬರುತ್ತೀರಿ. ಸಣ್ಣ ರೈತನಿಗೆ ನಾನು ಹೇಳುವುದಿಲ್ಲ.

ಗಿರಾಕಿ ಯಾರೇ ಆದರೂ ಮೊದಲು ಚುಚ್ಚಿ ನೋಡುವುದು ತೇವ. ಶೇ 14 ಒಳಗಿದ್ದರೆ ಮಾತುಕತೆ, ಮೇಲಿದ್ದರೆ ಕಡಿತ. ಇಟ್ಟುಕೊಳ್ಳುವುದಾದರೆ 12ಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಮೀಟರ್ ಇಲ್ಲದವರಿಗೆ ಒಂದು ಉಪಾಯ ಹೇಳುತ್ತೇನೆ. ಒಣಗಿದ ಗಾಜಿನ ಬಾಟಲಿಯನ್ನು ಮೂರನೇ ಒಂದು ಭಾಗ ಕಾಳಿನಿಂದ ತುಂಬಿಸಿ. ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿ ಉಪ್ಪು ಎರಡು ಮೂರು ಚಮಚ ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಜೋರಾಗಿ ಕುಲುಕಿ. ಕಾಲು ಗಂಟೆ ಬಿಟ್ಟು ನೋಡಿ. ಉಪ್ಪು ಗಾಜಿಗೆ ಮೆತ್ತಿಕೊಂಡಿದ್ದರೆ ತೇವ 15ರ ಮೇಲಿದೆ, ಇನ್ನೊಂದೆರಡು ದಿನ ಬಿಸಿಲಿಗೆ ಹರವಿ. ಉಪ್ಪು ಉದುರುದುರಾಗಿ ತಳಕ್ಕೆ ಬಿದ್ದಿದ್ದರೆ 15ರ ಒಳಗಿದೆ. ಚೀಲವನ್ನು ಬರಿ ನೆಲದ ಮೇಲೆ, ಗೋಡೆಗೆ ಒತ್ತಿ ಇಡಬೇಡಿ. ಕೆಳಗೆ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಬಿಟ್ಟು ಒಟ್ಟಿ. ಬೂಷ್ಟು ಹಿಡಿದ ಕಾಳು ಕಂಡರೆ ಆ ಚೀಲವನ್ನು ಬೇರೆ ಇಡಿ, ಒಳ್ಳೆಯದರ ಜೊತೆ ಬೆರೆಸಿ ತೂಕ ಮಾಡಲು ಹೋಗಬೇಡಿ. ಈಗ ಗಿರಾಕಿಗಳಿಗೂ ಅದನ್ನು ಪರೀಕ್ಷಿಸುವ ಕಿಟ್ ಇದೆ, ಒಂದು ಚೀಲದ ಆಸೆಗೆ ಪೂರ್ತಿ ಲೋಡ್ ವಾಪಸ್ ಬರುತ್ತದೆ.